ನೀರಿನ ಟ್ಯಾಂಕಿನ ಹಿಂದೆ

ಮೊದಲು ಒಂದೇ ಇತ್ತು, ಗೇಟಿನ ಮೇಲೆ.
ಗಾಡಿಯ ಬ್ಯಾಟರಿ ಕಳುವಾದ ಮಾರನೆಯ ದಿನ ಹಾಕಿಸಿದ್ದು.
ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು, ಎಂದು
ಮಪುಲೆ ನಕ್ಕಿದ್ದಳು.

ಈಗ ಎಂಟು.
ಲೆಸಿಬಾ ಏಣಿ ತಂದ, ಸೂರಿನಡಿ ತೂತು ಕೊರೆದ,
ಕೊಳವೆಯೊಳಗೆ ನೀಲಿ ಕೇಬಲ್ಲು ನುಗ್ಗಿಸಿದ.
ಈಚೆ ತುದಿಯಲ್ಲಿ ನಾನು ಎಳೆದೆ,
ಹಸು ಈಯುವಾಗ ಕರುವಿನ ಕಾಲು ಹಿಡಿದೆಳೆದಂತೆ.
ಹಳೆಯ ಪೆಟ್ಟಿಗೆಗೆ ನಾಲ್ಕೇ ಬಾಯಿ,
ಹೊಸದಕ್ಕೆ ಹದಿನಾರು.
ಬೋಕ್ಸ್‌ಬರ್ಗಿನಲ್ಲಿ ಕರೆಂಟು ಹೋದರೂ
ಆರು ಗಂಟೆ ಉಸಿರು ಹಿಡಿದಿರುತ್ತದೆ.
ಇಪ್ಪತ್ತೊಂದು ದಿನ ನೆನಪಿಡುತ್ತದೆ, ಆಮೇಲೆ
ಹಳೆಯದರ ಮೇಲೇ ಹೊಸದನ್ನು ಬರೆಯುತ್ತದೆ,
ನನ್ನ ಸೋದರತ್ತೆಯ ಹಾಗೆ.

ಮೊದಲ ವಾರ ರಾತ್ರಿ ಎರಡೂ ಹದಿಮೂರಕ್ಕೆ
ಫೋನು ಬಡಿದುಕೊಳ್ಳುತ್ತಿತ್ತು.
ಮೂರನೆಯ ಕ್ಯಾಮೆರಾ. ಮನುಷ್ಯ, ಎನ್ನುತ್ತಿತ್ತು ಅದು.
ಬರಿಗಾಲಲ್ಲಿ ಕೋಲು ಹಿಡಿದು ಓಡುತ್ತಿದ್ದೆ.
ಮನುಷ್ಯನಲ್ಲ, ಜೇಡ.
ನಮಗೆ ಕಾಣದ ಬೆಳಕಿಗೆ ಹುಳು, ಹುಳುವಿಗೆ ಜೇಡ,
ಗಾಜಿನ ಮೇಲೆಯೇ ನೇಯ್ದುಕೊಂಡು ಕೂತಿತ್ತು;
ಪರದೆಯಲ್ಲಿ ಎಂಟು ಕಾಲಿನ ದೈತ್ಯ
ನಮ್ಮ ಮನೆಯನ್ನೇ ದಾಟಿ ಹೋಗುತ್ತಿತ್ತು.
ಲೆಸಿಬಾ ದೀಪವನ್ನು ಬೇರೆ ಮಾಡಿ
ಎರಡು ಮೀಟರ್ ಆಚೆಗೆ ಮೊಳೆ ಹೊಡೆದ:
"ನೋಡುವವನೇ ದೀಪ ಹಿಡಿದು ನಿಲ್ಲಬಾರದು, ಯಜಮಾನರೇ."

ಆಮೇಲೆ ರಟ್ಟಿನ ಮೇಲೆ ಮನೆಯ ನಕ್ಷೆ ಬರೆದ,
ಎಂಟು ಬೀಸಣಿಗೆ, ಪೆನ್ಸಿಲಿನಲ್ಲಿ.
ಟ್ಯಾಂಕಿಗೂ ಕಾಂಪೌಂಡಿಗೂ ನಡುವೆ
ಒಂದು ಮಾರು ಜಾಗ ಬಿಳಿಯಾಗಿ ಉಳಿಯಿತು.
"ಇಲ್ಲಿ ಕುರುಡು. ಒಂಬತ್ತನೆಯದು ಹಾಕಿದರೆ ಮುಗಿಯಿತು."
ಒಣಗಿದ ಬಟ್ಟೆ ಮಡಿಸುತ್ತಿದ್ದ ಮಪುಲೆ
ತಲೆಯೆತ್ತದೆ ಅಂದಳು, "ಅಲ್ಲಿ ಬೇಡ."
ಅಷ್ಟೇ.

ಮನಸ್ಸು ಮೊದಲೇ ಕೆಟ್ಟದ್ದು,
ಅದಕ್ಕೆ ಹದಿನಾರು ಬಾಯಿ ಬೇರೆ.
ರಾತ್ರಿ ಕೂತು ಬೆರಳಲ್ಲಿ ಹಗಲನ್ನು ಹಿಂದೆ ತಳ್ಳಿದೆ.
ನಾಲ್ಕು ಗಂಟೆಗೆ ಐದನೆಯದರಿಂದ ಆಚೆ ಹೋಗುತ್ತಾಳೆ,
ಕೈಯಲ್ಲಿ ಬಕೆಟ್ಟು.
ಆರನೆಯದರಲ್ಲಿ ಬರಬೇಕು, ನಾಲ್ಕು ಹೆಜ್ಜೆ.
ಬರುವುದಿಲ್ಲ.
ಹನ್ನೊಂದು ನಿಮಿಷ. ಮಂಗಳವಾರ ಹದಿನಾಲ್ಕು.
ಆಲಿಕಲ್ಲು ಬಿದ್ದ ದಿನವೂ ಒಂಬತ್ತು.
ಬಕೆಟ್ಟು ಖಾಲಿ ಹೋಗಿ ಖಾಲಿ ಬರುತ್ತದೆ.
ಆ ಇಪ್ಪತ್ತೊಂದು ದಿನ
ಗೇಟಿನ ಚಿತ್ರವನ್ನು ನಾನು ನೋಡಲೇ ಇಲ್ಲ.

ಶನಿವಾರ ಅವಳು ತಂಗಿಯ ಮನೆಗೆ ಹೋದಳು.
ಟ್ಯಾಂಕಿನ ಹಿಂದೆ ಹೋದೆ,
ನನ್ನದೇ ಹಿತ್ತಲಲ್ಲಿ ಕಳ್ಳಹೆಜ್ಜೆ ಇಟ್ಟುಕೊಂಡು.
ಬೋರಲು ಹಾಕಿದ ಬಿಯರ್ ಕ್ರೇಟು,
ಅದರ ಮೇಲೆ ಮಡಿಸಿದ ಜೋಳದ ಚೀಲ.
ಒಂದು ಡಬ್ಬಿ; ಅದರಲ್ಲಿ ಕಿತ್ತಳೆ ಸಿಪ್ಪೆ.
ಇನ್ನೇನೂ ಇಲ್ಲ. ಚೀಲ ಕೂಡ ಎತ್ತಿ ನೋಡಿದೆ.

ಕೂತೆ.
ಬೆನ್ನಿಗೆ ಟ್ಯಾಂಕಿನ ತಂಪು.
ಎರಡು ಚಾವಣಿಗಳ ಸಂದಿಯಲ್ಲಿ
ಅಪ್ಪ ಇಳಿಯುತ್ತಿದ್ದ ಗಣಿಯ ಹಳದಿ ಗುಡ್ಡ,
ಬಿಸಿಲಿಗೆ ಬೆಲ್ಲದ ಅಚ್ಚಿನ ಹಾಗೆ.
ಕೈ ಎಲ್ಲಿಡಬೇಕೋ ತಿಳಿಯಲಿಲ್ಲ ಮೊದಲು.
ಎಂಟು ಕಣ್ಣಿನೆದುರು ಓಡಾಡಿ ಓಡಾಡಿ
ಮುಖವೂ ಒಂದು ಕೆಲಸವಾಗಿಬಿಟ್ಟಿತ್ತು.
ಮೆಲ್ಲಗೆ ಇಳಿಸಿದೆ.
ಉದ್ದ ಕೊಕ್ಕಿನ ಹಡೀಡಾ ಹಕ್ಕಿಯೊಂದು ಹಾರಿಬಂದು
ನನ್ನನ್ನು ಯಾರೂ ಅಲ್ಲ ಎಂದುಕೊಂಡು
ಕಾಲ ಬಳಿಯೇ ಮಣ್ಣು ಕುಕ್ಕಿತು.

ಫೋನು ಬಂತು.
"ಎಲ್ಲಿದ್ದೀ ಸೆಲ್ಲೊ? ಗೇಟು ಮುಚ್ಚಿದೆ,
ಎಂಟರಲ್ಲೂ ನೀನಿಲ್ಲ."
ಅವಳೂ ನೋಡುತ್ತಾಳೆಂದು ನನಗೆ ಗೊತ್ತಿರಲಿಲ್ಲ.
"ಇಲ್ಲೇ," ಅಂದೆ.
ಆ ಕಡೆ ತಂಗಿಯ ಮನೆಯ ಮಕ್ಕಳ ಗಲಾಟೆ,
ಒಂದು ಬಾಗಿಲು ಹಾಕಿಕೊಂಡ ಸದ್ದು.
"ಸಿಪ್ಪೆ ಮುಟ್ಟಬೇಡ," ಅಂದಳು ಕೊನೆಗೆ,
"ಇನ್ನೂ ಒಣಗಿಲ್ಲ."

ಸೋಮವಾರ ಲೆಸಿಬಾ ಒಂಬತ್ತನೆಯದನ್ನು ತಂದ.
ಕೋಳಿಗೂಡಿಗೆ ಹಾಕು, ಅಂದೆ,
ಮುಂಗುಸಿ ಬರುತ್ತದೆ.
ಬರುತ್ತದೆ, ನಿಜವಾಗಿ.